ಸ್ನ್ಯಾಪಿಂಗ್ ಆಮೆ: ಎಲ್ಲಿ ಹಿಡಿಯಬಹುದು, ಎಲ್ಲಿ ಹಿಡಿಯುವಂತಿಲ್ಲ, ಎದುರಾದರೆ ಏನು ಮಾಡಬೇಕು

ತುಂಗಾದಂಡೆ

ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಒಂಟಾರಿಯೊ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಕಡೆ ಇರುವ ನಮ್ಮವರಿಗೆಲ್ಲ ಇದೊಂದು ಪ್ರಶ್ನೆ ಬಂದೇ ಬರುತ್ತದೆ. ಸ್ನ್ಯಾಪಿಂಗ್ ಆಮೆ, ಅಂದರೆ ನೆಲದ ಮೇಲೆ ಎದುರಾದರೆ ಕಚ್ಚಲು ಬರುವ ಉತ್ತರ ಅಮೆರಿಕದ ದೊಡ್ಡ ಸಿಹಿನೀರಿನ ಆಮೆಯೊಂದು, ರಸ್ತೆ ಮಧ್ಯೆ ಕೂತಿದೆ, ಹಿತ್ತಲಲ್ಲಿ ಗುಂಡಿ ತೋಡುತ್ತಿದೆ, ಇಲ್ಲವೇ ಮೀನಿನ ಗಾಳಕ್ಕೆ ಸಿಕ್ಕಿದೆ. ಸಿಗುವ ಸಲಹೆಗಳು ಮಾತ್ರ ಒಂದಕ್ಕೊಂದು ತಾಳೆಯಾಗುವುದಿಲ್ಲ. "ಬಾಲ ಹಿಡಿದು ಎತ್ತಿ" ಅನ್ನುವವರಿದ್ದಾರೆ, "ಮುಟ್ಟಿದರೆ ದಂಡ" ಅನ್ನುವವರಿದ್ದಾರೆ, "ಲೈಸೆನ್ಸ್ ಇದ್ದರೆ ಹಿಡಿದು ಸಾರು ಮಾಡಬಹುದು" ಅನ್ನುವವರೂ ಇದ್ದಾರೆ.

ಬೇಟೆಯ ನಿಯಮ, ಅಳತೆ, ರಸ್ತೆ ದಾಟಿಸುವ ಕ್ರಮ, ಹಿತ್ತಲಿನ ಮೊಟ್ಟೆ, ಎಲ್ಲವೂ ಒಂದೇ ಕಡೆ ಸಿಗಲಿ ಎಂದು ಈ ಚರ್ಚೆ ತೆರೆದಿದ್ದೇನೆ. ಬರೆಯುವವರು ಯಾವ ರಾಜ್ಯದ ಅಥವಾ ಪ್ರಾಂತ್ಯದ ಮಾತು ಎಂಬುದನ್ನು ಮೊದಲು ಹೇಳಿ.

ಮಲೆನಾಡಿಗ_ಒಂಟಾರಿಯೊ

ಒಂಟಾರಿಯೊ ಬಗ್ಗೆ ಮೊದಲು ಬರೆಯುತ್ತೇನೆ, ಉತ್ತರ ಚಿಕ್ಕದು. ಇಲ್ಲಿ ಸ್ನ್ಯಾಪಿಂಗ್ ಆಮೆ ಬೇಟೆಗೆ 2017ರಿಂದ ಅವಕಾಶವಿಲ್ಲ. ಅದಕ್ಕೆ ಮುಂಚೆ ಮೀನುಗಾರಿಕೆ ಲೈಸೆನ್ಸ್ ಇದ್ದವರು ದಿನಕ್ಕೆ 2 ಹಿಡಿಯಬಹುದಿತ್ತು, ಒಟ್ಟು 5 ಇಟ್ಟುಕೊಳ್ಳಬಹುದಿತ್ತು. ಮಿತಿಯನ್ನು ಇನ್ನಷ್ಟು ಇಳಿಸಿದರೆ ಸಾಕು ಎಂದು ಸರ್ಕಾರ ಮೊದಲು ಪ್ರಸ್ತಾಪ ಇಟ್ಟಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳಿದ ಮೇಲೆ ಪೂರ್ತಿ ನಿಲ್ಲಿಸಿತು. ಹಳೆಯ ವೆಬ್ ಪುಟಗಳಲ್ಲಿ ಆ 2 ಮತ್ತು 5ರ ಲೆಕ್ಕ ಇನ್ನೂ ಉಳಿದಿದೆ, ಜನ ಅದನ್ನೇ ನಂಬಿ ಹಂಚುತ್ತಾರೆ. ದಯವಿಟ್ಟು ಹಂಚಬೇಡಿ.

ಕೆನಡಾದ ಕೇಂದ್ರ ಕಾನೂನಿನಲ್ಲಿ ಈ ಆಮೆ 2011ರಿಂದ "ವಿಶೇಷ ಕಾಳಜಿ" ಪಟ್ಟಿಯಲ್ಲಿದೆ. ಪ್ರಾಂತ್ಯದ ಅನುಮತಿ ಇಲ್ಲದೆ ಹಿಡಿದು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಮೂಲನಿವಾಸಿಗಳ ಒಪ್ಪಂದದ ಹಕ್ಕುಗಳು ಬೇರೆಯೇ ವಿಷಯ, ಅದನ್ನು ಇದರೊಂದಿಗೆ ಬೆರೆಸಬಾರದು. ಹೋಡೆನೊಶೋನಿ ಜನರ ಆಚರಣೆಗಳಲ್ಲಿ ಬಳಸುವ ಗಿಲಕಿ ಈ ಆಮೆಯ ಚಿಪ್ಪಿನದ್ದೇ. ಆ ಸಂಬಂಧ ಲೈಸೆನ್ಸ್ ಪುಸ್ತಕಕ್ಕಿಂತ ಬಹಳ ಹಳೆಯದು.

ರಸ್ತೆ ದಾಟಿಸುವುದಕ್ಕೆ ಅಪರಾಧದ ಭಯ ಬೇಡ. ಹೋಗುತ್ತಿದ್ದ ದಿಕ್ಕಿನಲ್ಲೇ ಆಚೆ ಬದಿಗೆ ಬಿಡುವುದು ಸಹಾಯ. ಕಾರಿನಲ್ಲಿ ಹಾಕಿಕೊಂಡು ಬೇರೆ ಕೆರೆಗೆ ಒಯ್ಯುವುದು ತಪ್ಪು.

ಗಾಳ_ಮತ್ತು_ದೋಣಿ

ನ್ಯೂಯಾರ್ಕ್ ರಾಜ್ಯ: ಸೀಸನ್ ಜುಲೈ 15ರಿಂದ ಸೆಪ್ಟೆಂಬರ್ 30. ಮೇಲ್ಚಿಪ್ಪಿನ ನೇರ ಉದ್ದ ಕನಿಷ್ಠ 12 ಇಂಚು, ಅಂದರೆ 30.5 ಸೆಂ.ಮೀ. ದಿನಕ್ಕೆ 5, ಸೀಸನ್‌ಗೆ 30. ಬೇಕಾದದ್ದು ಬೇಟೆಯ ಲೈಸೆನ್ಸ್, ಮೀನಿನ ಲೈಸೆನ್ಸ್ ನಡೆಯುವುದಿಲ್ಲ. ಬಂದೂಕು ಅಥವಾ ಬಿಲ್ಲಿನಿಂದ ಮಾತ್ರ. ಬೋನು, ಬಲೆ, ಗಾಳ ಯಾವುದೂ ಇಲ್ಲ. ಮೀನು ಹಿಡಿಯುವಾಗ ಗಾಳಕ್ಕೆ ಬಿದ್ದ ಆಮೆಯನ್ನು ಸೀಸನ್ ಒಳಗೇ ಆದರೂ ಮನೆಗೊಯ್ಯುವಂತಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಬಂದೂಕಾದರೆ ಮನೆಗಳಿಂದ 500 ಅಡಿ, ಬಿಲ್ಲಾದರೆ 150 ಅಡಿ ದೂರವಿರಬೇಕು. ನೀರಿನ ಮೇಲ್ಮೈಗೆ ಓರೆಯಾಗಿ ತಾಗಿದ ಗುಂಡು ಪುಟಿದು ಎದುರು ದಂಡೆಗೆ ಹಾರುತ್ತದೆ. ಗುಂಡು ತಗುಲಿದ ಆಮೆ ಅಲ್ಲೇ ಮುಳುಗಿ ಕೈಗೆ ಸಿಗದೆ ಹೋಗುತ್ತದೆ. ಇನ್ನೊಂದು ದೊಡ್ಡ ತೊಡಕೆಂದರೆ, ನೀರಿನ ಮೇಲೆ ಮೂಗಿನ ತುದಿ ಮಾತ್ರ ಕಾಣುವಾಗ ಚಿಪ್ಪು 12 ಇಂಚು ಇದೆಯೇ ಎಂದು ಯಾರಿಗೂ ಹೇಳಲಾಗದು. ಅಳೆಯಲಾಗದ್ದಕ್ಕೆ ಗುರಿ ಇಡುವುದು ಬೇಡ.

ಪೆನ್ಸಿಲ್ವೇನಿಯಾದಲ್ಲಿ ಇದು ಮೀನುಗಾರಿಕೆ ಇಲಾಖೆಯ ಕೆಳಗೆ ಬರುತ್ತದೆ, ಮೀನಿನ ಲೈಸೆನ್ಸ್ ಸಾಕು. ಜುಲೈ 1ರಿಂದ ಅಕ್ಟೋಬರ್ 31, ದಿನಕ್ಕೆ 15, ಒಟ್ಟು ಇಟ್ಟುಕೊಳ್ಳಬಹುದಾದದ್ದು 30. ವಿಸ್ಕಾನ್ಸಿನ್‌ನಲ್ಲಿ ಜುಲೈ 15ರಿಂದ ನವೆಂಬರ್ 30, ಚಿಪ್ಪು 12 ಇಂಚಿಗಿಂತ ಕಡಿಮೆ ಇರಬಾರದು, 16 ಇಂಚು ಮೀರಲೂಬಾರದು. ಅಯೋವಾದಲ್ಲಿ ಮೇ 15ರಿಂದ ಜುಲೈ 15ರವರೆಗೆ ಮುಚ್ಚಿರುತ್ತದೆ.

ಇವು ಬದಲಾಗುತ್ತಿರುತ್ತವೆ. ಆ ವರ್ಷದ ಅಧಿಕೃತ ಪುಸ್ತಿಕೆ ತೆರೆದು ನೋಡದೆ ಹೊರಡಬೇಡಿ. ಒಂದು ರಾಜ್ಯದಲ್ಲಿ ಅಕ್ರಮವಾಗಿ ಹಿಡಿದದ್ದನ್ನು ಗಡಿ ದಾಟಿಸಿದರೆ ಲೇಸಿ ಕಾಯ್ದೆಯ ಪ್ರಕಾರ ಅದು ಕೇಂದ್ರದ ಅಪರಾಧವೂ ಆಗುತ್ತದೆ.

ಹೊಳೆಸಾಲು

ಗಾಳ ಅವರೇ, ನೀವು ಕೊಟ್ಟ ತಾರೀಕುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎಲ್ಲವೂ ಜೂನ್ ಬಿಟ್ಟಿವೆ. ಮೊಟ್ಟೆ ಇಡಲು ಹೆಣ್ಣು ನೀರು ಬಿಟ್ಟು ನೆಲಕ್ಕೆ ಬರುವುದು ಆಗ. ವರ್ಷದ ಉಳಿದ ದಿನಗಳಲ್ಲಿ ಕೆಸರಲ್ಲಿ ಹುದುಗಿ ಕೈಗೆ ಸಿಗದ ಪ್ರಾಣಿ, ಆ ಕೆಲವು ವಾರ ಮಾತ್ರ ಚೀಲ ಹಿಡಿದು ಹೋದವನಿಗೂ ಸಿಗುತ್ತದೆ.

ಹೆಣ್ಣಿನ ಲೆಕ್ಕ ಯಾಕೆ ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಒಂಟಾರಿಯೊದಂಥ ಚಳಿ ಪ್ರದೇಶದಲ್ಲಿ ಹೆಣ್ಣು ಮೊದಲ ಸಲ ಮೊಟ್ಟೆ ಇಡುವುದು 15ರಿಂದ 20ನೇ ವಯಸ್ಸಿನಲ್ಲಿ. ಒಂದು ಸಲಕ್ಕೆ ಸಾಮಾನ್ಯವಾಗಿ 20ರಿಂದ 40 ಮೊಟ್ಟೆ. ಬಹುಪಾಲು ಗೂಡುಗಳನ್ನು ರಕೂನ್, ಸ್ಕಂಕ್, ನರಿ ಅಗೆದು ಮುಗಿಸುತ್ತವೆ. ಒಂದು ಆಮೆ ದೊಡ್ಡದಾಗಿ ನಿಲ್ಲಬೇಕಾದರೆ ಸುಮಾರು 1400 ಮೊಟ್ಟೆ ಬೇಕು ಎಂಬುದು ಒಂಟಾರಿಯೊದ ಆಲ್ಗಾನ್‌ಕ್ವಿನ್ ಪಾರ್ಕ್ ಅಧ್ಯಯನದಿಂದ ಬಂದ ಅಂದಾಜು. ಆ ಅಧ್ಯಯನ 1972ರಿಂದ ನಡೆಯುತ್ತಿದೆ. ಹೀಗಿರುವಾಗ ಒಂದು ಹೆಣ್ಣು ತನ್ನ ಜಾಗಕ್ಕೆ ಇನ್ನೊಂದನ್ನು ಬಿಟ್ಟು ಹೋಗಬೇಕೆಂದರೆ ದಶಕಗಟ್ಟಲೆ ಬದುಕಿರಲೇಬೇಕು.

ಮಿಷಿಗನ್‌ನ ಇ. ಎಸ್. ಜಾರ್ಜ್ ರಿಸರ್ವ್‌ನಲ್ಲಿ ಜಸ್ಟಿನ್ ಕಾಂಗ್ಡನ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಲೆಕ್ಕ ಇದನ್ನೇ ಹೇಳುತ್ತದೆ. 15 ವರ್ಷ ದಾಟಿದ ಆಮೆಗಳಲ್ಲಿ ವರ್ಷಕ್ಕೆ ನೂರರಲ್ಲಿ ಇನ್ನೂ ಹತ್ತು ಹೆಚ್ಚುವರಿಯಾಗಿ ಸತ್ತರೆ 20 ವರ್ಷದೊಳಗೆ ದೊಡ್ಡ ಆಮೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಆಲ್ಗಾನ್‌ಕ್ವಿನ್‌ನಲ್ಲಿ ಇದು ಕಣ್ಣೆದುರೇ ನಡೆಯಿತು. 1980ರ ದಶಕದ ಕೊನೆಯ ಕೆಲವು ಚಳಿಗಾಲಗಳಲ್ಲಿ ನೀರುನಾಯಿಗಳು ಮಂಜಿನಡಿ ಮಲಗಿದ್ದ ಆಮೆಗಳನ್ನು ಕೊಂದವು. ಎರಡು ದಶಕ ಕಳೆದ ಮೇಲೂ ಅಲ್ಲಿನ ಸಂಖ್ಯೆ ಚೇತರಿಸಿಕೊಂಡಿರಲಿಲ್ಲ.

ಒಂಟಾರಿಯೊ ಬೇಟೆ ನಿಲ್ಲಿಸಿದ್ದು ಸರಿ ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ. ಅಲ್ಲಿ ರಸ್ತೆ ಅಪಘಾತವೇ ದೊಡ್ಡ ಹೆಣ್ಣುಗಳನ್ನು ಸಾಕಷ್ಟು ಕೊಲ್ಲುತ್ತಿದೆ, ಅದರ ಮೇಲೆ ಬೇಟೆಯ ಭಾರ ಹೊರಿಸಲು ಜಾಗವಿಲ್ಲ.

ಗಾಳ_ಮತ್ತು_ದೋಣಿ

ಹೊಳೆಸಾಲು ಅವರ ಲೆಕ್ಕ ಒಪ್ಪುತ್ತೇನೆ, ಆದರೆ ಎಲ್ಲ ಕಡೆಗೂ ಅದೇ ತೀರ್ಮಾನ ಒಪ್ಪುವುದಿಲ್ಲ. ದಕ್ಷಿಣಕ್ಕೆ ಹೋದಂತೆ ಬೆಳವಣಿಗೆಯ ಕಾಲ ಉದ್ದ, ಆಮೆ ಬೇಗ ಪ್ರಾಯಕ್ಕೆ ಬರುತ್ತದೆ. ಮನೆಯ ಊಟಕ್ಕೆ ವರ್ಷಕ್ಕೊಂದೆರಡು ಹಿಡಿಯುವವನಿಗೂ ಲಾರಿಗಟ್ಟಲೆ ತುಂಬಿಸುವ ವ್ಯಾಪಾರಕ್ಕೂ ವ್ಯತ್ಯಾಸವಿದೆ. ಕಾನೂನು ಮೊದಲು ಹಿಡಿಯಬೇಕಾದದ್ದು ವ್ಯಾಪಾರವನ್ನು. ಹಿಡಿದೂ ಇದೆ: ಫ್ಲಾರಿಡಾ 2009ರಲ್ಲಿ ಸಿಹಿನೀರಿನ ಆಮೆಗಳ ವ್ಯಾಪಾರಿ ಬೇಟೆ ನಿಲ್ಲಿಸಿತು, ಟೆಕ್ಸಸ್ 2018ರಲ್ಲಿ, ಮಿನೆಸೋಟಾ 2024ರ ಆರಂಭದಿಂದ. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಸಭೆಯಲ್ಲಿ ಈ ಆಮೆ ಎರಡನೇ ಅನುಬಂಧಕ್ಕೆ ಸೇರಿತು. ಈಗ ರಫ್ತು ಮಾಡುವವರು ಪ್ರತಿ ಸಲ ಪರವಾನಗಿ ಪಡೆಯಬೇಕು.

ಪೆನ್ಸಿಲ್ವೇನಿಯಾದ ದಿನಕ್ಕೆ 15 ಎನ್ನುವ ಮಿತಿ ಮಾತ್ರ ನನಗೂ ಅತಿಯೆನಿಸುತ್ತದೆ. ಒಂದು ಚಿಕ್ಕ ಕೆರೆಯಲ್ಲಿ ಅಷ್ಟು ದೊಡ್ಡ ಆಮೆಗಳೇ ಇರುವುದಿಲ್ಲ.

ತುಂಗಾದಂಡೆ

ವಿಸ್ಕಾನ್ಸಿನ್‌ನ 12ರಿಂದ 16 ಇಂಚಿನ ನಿಯಮ ಯಾಕೆ? ಕನಿಷ್ಠ ಅಳತೆ ಅರ್ಥವಾಗುತ್ತದೆ, ಗರಿಷ್ಠ ಯಾಕೆ?

ಹೊಳೆಸಾಲು

ಹೆಣ್ಣು 8ರಿಂದ 10 ಇಂಚಿನ ಹೊತ್ತಿಗೇ ಪ್ರಾಯಕ್ಕೆ ಬಂದಿರುತ್ತದೆ. ಗಂಡು ಹೆಣ್ಣಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಕನಿಷ್ಠ ಅಳತೆಯನ್ನು 12 ಇಂಚಿಗೆ ಏರಿಸಿದರೆ ಪ್ರಾಯದ ಹೆಣ್ಣುಗಳಲ್ಲಿ ಒಂದು ಪಾಲು ಉಳಿಯುತ್ತದೆ, ಬೇಟೆಯ ಹೊರೆ ಗಂಡಿನ ಕಡೆ ವಾಲುತ್ತದೆ. ಆದರೆ 12 ಇಂಚು ದಾಟಿದ ಹೆಣ್ಣೇ ಹೆಚ್ಚು ಮೊಟ್ಟೆ ಇಡುವವಳು, ಅವಳಿಗೆ ಕನಿಷ್ಠ ಅಳತೆಯಿಂದ ರಕ್ಷಣೆಯಿಲ್ಲ. ಇದು ಆ ನಿಯಮದ ಅರ್ಧ ಗುಣ, ಅರ್ಧ ದೋಷ. ಮೇಲಿನ ಮಿತಿಯಿಂದ ಉಳಿಯುವುದು ತೀರಾ ಹಳೆಯ, ದೊಡ್ಡ ಆಮೆಗಳು. ಅವು ಬಹುತೇಕ ಗಂಡುಗಳೇ.

ನನ್ನನ್ನು ಕೇಳಿದರೆ ಅಳತೆಗಿಂತ ತಾರೀಕೇ ಹೆಚ್ಚು ಕೆಲಸ ಮಾಡುತ್ತದೆ. ಜೂನ್ ಮುಚ್ಚಿದರೆ ನೆಲದ ಮೇಲಿನ ಹೆಣ್ಣು ಉಳಿಯುತ್ತಾಳೆ. ಚಳಿಗಾಲವನ್ನೂ ಮುಚ್ಚಬೇಕು, ಏಕೆಂದರೆ ಆಗ ಹತ್ತಾರು ಆಮೆಗಳು ಒಂದೇ ಹಳ್ಳದ ಬಾಯಲ್ಲೋ ಒಂದೇ ದಂಡೆಯ ಕೆಸರಲ್ಲೋ ಒಟ್ಟಾಗಿ ಮಲಗಿರುತ್ತವೆ. ಕೋಲು ಚುಚ್ಚಿ ಹುಡುಕುವವನಿಗೆ ಒಂದು ಜಾಗ ಗೊತ್ತಾದರೆ ಇಡೀ ಕೆರೆ ಖಾಲಿ.

ಬಯಲುಸೀಮೆ_ಬಫೆಲೊ

ಅಳೆಯುವುದರಲ್ಲಿ ಆಗುವ ತಪ್ಪೇ ಹೆಚ್ಚು, ಅದನ್ನು ಬರೆಯುತ್ತೇನೆ. ದರ್ಜಿಯ ಟೇಪನ್ನು ಚಿಪ್ಪಿನ ಉಬ್ಬಿನ ಮೇಲೆ ಹಾಸಿ ಅಳೆದರೆ ಬರುವುದು ಬಾಗಿದ ಉದ್ದ. ಅದು ಯಾವಾಗಲೂ ನೇರ ಉದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಟೇಪಿನಲ್ಲಿ 12 ಬಂದದ್ದು ಕಾನೂನಿನ 12 ಅಲ್ಲ.

ಮಾಡಬೇಕಾದದ್ದು ಇಷ್ಟು: ಆಮೆಯನ್ನು ಸಮತಟ್ಟಾದ ಹಲಗೆಯ ಮೇಲೆ ಇಡಿ. ಕುತ್ತಿಗೆಯ ಹಿಂದೆ ಚಿಪ್ಪು ಶುರುವಾಗುವ ನಡು ಅಂಚಿಗೆ ಒಂದು ನೆಟ್ಟ ಪಟ್ಟಿ, ಬಾಲದ ಮೇಲೆ ಚಿಪ್ಪು ಮುಗಿಯುವ ನಡು ಅಂಚಿಗೆ ಇನ್ನೊಂದು. ಎರಡರ ನಡುವಿನ ದೂರವೇ ಉದ್ದ. ತಲೆ, ಬಾಲ ಲೆಕ್ಕಕ್ಕಿಲ್ಲ. ಅಡ್ಡ ಸರಿಯುವ ಪಟ್ಟಿ ಇರುವ ಮರದ ಅಳತೆಗೋಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 12 ಇಂಚಿಗೆ ಒಂದು ಗಟ್ಟಿ ಗೆರೆ ಹಾಕಿಡಿ, ಗೆರೆ ಮುಟ್ಟದಿದ್ದರೆ ಬಿಟ್ಟುಬಿಡಿ. ಕೆಲವು ರಾಜ್ಯಗಳು ಬಾಗಿದ ಉದ್ದವನ್ನೇ ಕೇಳುತ್ತವೆ, ಆದ್ದರಿಂದ ಪುಸ್ತಿಕೆಯಲ್ಲಿ ಆ ಒಂದು ಪದ ಹುಡುಕಿ ಓದಿಕೊಳ್ಳಿ.

ಬೋನು ಕಾನೂನುಬದ್ಧವಾಗಿರುವ ರಾಜ್ಯದವರಿಗೆ ಒಂದು ಮಾತು. ಬಳೆಗಳ ಮೇಲೆ ಬಲೆ ಹೊದಿಸಿದ ಬೋನಿನ ಒಂದು ಭಾಗ ಯಾವಾಗಲೂ ನೀರಿನ ಮೇಲಿರಬೇಕು. ಒಳಗೆ ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ ಮುಚ್ಚಳ ಬಿಗಿದು ಕಟ್ಟಿದರೆ ತೇಲುತ್ತದೆ. ಹಾಗಿಲ್ಲದೆ ಗೂಟಕ್ಕೆ ಬಿಗಿದು ಬಂದರೆ, ರಾತ್ರಿ ಮಳೆಗೆ ನೀರು ಒಂದಡಿ ಏರಿದರೂ ಸಾಕು, ಒಳಗಿದ್ದದ್ದೆಲ್ಲ ಉಸಿರುಕಟ್ಟಿ ಸಾಯುತ್ತದೆ. ಸಾಯುವುದು ಸ್ನ್ಯಾಪಿಂಗ್ ಆಮೆ ಮಾತ್ರವಲ್ಲ, ಪೇಂಟೆಡ್, ಮ್ಯಾಪ್, ಬ್ಲ್ಯಾಂಡಿಂಗ್ ಎಂಬ ಬೇರೆ ಜಾತಿಯ ಆಮೆಗಳೂ ಬೋನಿಗಿಟ್ಟ ಮೀನಿನ ವಾಸನೆಗೆ ಬರುತ್ತವೆ. ಮೀನಿನ ತಲೆಯನ್ನು ತೂತು ಮಾಡಿದ ಡಬ್ಬಿಯಲ್ಲಿಟ್ಟರೆ ಮೊದಲು ಬಂದದ್ದೇ ತಿಂದು ಮುಗಿಸುವುದಿಲ್ಲ. ದಿನಕ್ಕೊಮ್ಮೆಯಾದರೂ ಹೋಗಿ ನೋಡಲಾಗದಿದ್ದರೆ ಬೋನು ಹಾಕಲೇಬೇಡಿ.

ದಂಡೆಯ ಕೊಂಬೆಗೆ ಗಾಳ ಕಟ್ಟಿ ಬಿಟ್ಟು ಹೋಗುವ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ದಾರ ಹರಿದರೆ ನುಂಗಿದ ಕೊಕ್ಕೆ ಆಮೆಯ ಅನ್ನನಾಳದಲ್ಲೇ ಉಳಿಯುತ್ತದೆ.

ಕರಾವಳಿ_ಟ್ಯಾಂಪಾ

ದಕ್ಷಿಣದವರು ಗಮನಿಸಿ. ಫ್ಲಾರಿಡಾದಲ್ಲಿ ಸಾಮಾನ್ಯ ಸ್ನ್ಯಾಪಿಂಗ್ ಆಮೆಯನ್ನೂ ಕಾಡಿನಿಂದ ಹಿಡಿಯುವಂತಿಲ್ಲ. ಕಾರಣ, ರಕ್ಷಿತವಾದ ಅಲಿಗೇಟರ್ ಸ್ನ್ಯಾಪಿಂಗ್ ಆಮೆಯನ್ನೇ ಹೋಲುತ್ತದೆ ಎಂಬುದು. ಅಲಿಗೇಟರ್ ಜಾತಿಯಲ್ಲೇ ಸುವಾನಿ ನದಿಯದ್ದನ್ನು 2014ರಲ್ಲಿ ಬೇರೆ ಪ್ರಭೇದವೆಂದು ವಿವರಿಸಿದರು, 2024ರಲ್ಲಿ ಅದು ಕೇಂದ್ರದ ಅಪಾಯದ ಪಟ್ಟಿಗೆ ಸೇರಿತು.

ಗುರುತಿಸುವುದು ಹೀಗೆ. ಅಲಿಗೇಟರ್ ಆಮೆಯ ಬೆನ್ನಿನ ಮೇಲೆ ಮೂರು ಸಾಲು ಚೂಪು ಏರುಗಳು ಮುಪ್ಪಿನಲ್ಲೂ ಎದ್ದು ಕಾಣುತ್ತವೆ. ಸಾಮಾನ್ಯ ಆಮೆಯಲ್ಲಿ ಮರಿಯಾಗಿದ್ದಾಗ ಇದ್ದ ಏರು ವಯಸ್ಸಾದಂತೆ ಸವೆದು ಚಿಪ್ಪು ನುಣುಪಾಗುತ್ತದೆ. ಅಲಿಗೇಟರ್ ತಲೆ ಮುಮ್ಮೂಲೆಯ ಆಕಾರದ್ದು, ಕೊಕ್ಕು ಕೆಳಗೆ ಕೊಂಡಿಯಂತೆ ಬಾಗಿರುತ್ತದೆ, ಮೇಲಿಂದ ನೋಡಿದರೆ ಕಣ್ಣು ಕಾಣುವುದಿಲ್ಲ. ಸಾಮಾನ್ಯ ಆಮೆಯ ಕಣ್ಣು ಮೇಲಿಂದಲೂ ಕಾಣುತ್ತದೆ, ಬಾಲದ ಮೇಲೆ ಗರಗಸದ ಹಲ್ಲಿನ ಸಾಲು ಇರುತ್ತದೆ. ಬಾಯೊಳಗೆ ಹುಳುವಿನ ಆಕಾರದ ಕೆಂಪು ತುಣುಕು ಆಡಿಸಿ ಮೀನನ್ನು ಕರೆಯುವುದು ಅಲಿಗೇಟರ್ ಮಾತ್ರ. ಅದನ್ನು ನೋಡಲು ಬಾಯಿ ಹತ್ತಿರ ಬಗ್ಗಬೇಡಿ.

ಮಲೆನಾಡಿಗ_ಒಂಟಾರಿಯೊ

ರಸ್ತೆ ದಾಟಿಸುವ ಕ್ರಮಕ್ಕೆ ಬರೋಣ. ಮೊದಲು ನಿಮ್ಮ ಜೀವ. ಕಾರನ್ನು ಪೂರ್ತಿ ಬದಿಗೆ ಹಾಕಿ, ಹಜಾರ್ಡ್ ದೀಪ ಹಚ್ಚಿ. ಬಹುಪಥದ ಹೆದ್ದಾರಿಯಲ್ಲಿ ಇಳಿಯಲೇಬೇಡಿ.

ಈ ಆಮೆಯ ಹೊಟ್ಟೆಚಿಪ್ಪು ತೀರಾ ಚಿಕ್ಕದು, ಶಿಲುಬೆಯ ಆಕಾರದ ಒಂದು ಪಟ್ಟಿ. ಬೇರೆ ಆಮೆಗಳಂತೆ ತಲೆ ಕಾಲು ಒಳಗೆಳೆದುಕೊಂಡು ಮುಚ್ಚಿಕೊಳ್ಳಲು ಜಾಗವಿಲ್ಲ. ನೆಲದ ಮೇಲೆ ಅದು ಕಚ್ಚಲು ಬರುವುದು ಈ ಕಾರಣಕ್ಕೇ. ಕುತ್ತಿಗೆ ಚಿಪ್ಪಿನ ಉದ್ದದ ಅರ್ಧಕ್ಕೂ ಹೆಚ್ಚು ಹಿಂದಕ್ಕೆ ಬರುತ್ತದೆ, ಪಕ್ಕಕ್ಕೂ ತಿರುಗುತ್ತದೆ. ಆದ್ದರಿಂದ ಚಿಪ್ಪಿನ ನಡುಭಾಗದ ಎರಡು ಬದಿ ಹಿಡಿಯುವುದು ಅಪಾಯ. ಕೈ ಇಡಬೇಕಾದದ್ದು ಹಿಂಗಾಲುಗಳ ಮೇಲಿನ ಚಿಪ್ಪಿನ ಅಂಚಿನಲ್ಲಿ ಮಾತ್ರ.

ಒಂದು ದಾರಿ: ಹಿಂದಿನಿಂದ ಹೋಗಿ ಆ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹಿಂಭಾಗವನ್ನಷ್ಟೇ ಸ್ವಲ್ಪ ಎತ್ತಿ. ಮುಂಗಾಲಿನಲ್ಲಿ ಅದೇ ನಡೆಯುತ್ತದೆ, ನೀವು ಹಿಂದಿನಿಂದ ದಿಕ್ಕು ತೋರಿಸಿದರೆ ಸಾಕು.

ಇನ್ನೊಂದು, ನನ್ನ ಪ್ರಕಾರ ಹೊಸಬರಿಗೆ ಒಳ್ಳೆಯದು: ಕಾರಿನ ರಬ್ಬರ್ ಮ್ಯಾಟನ್ನು ಆಮೆಯ ಹಿಂದೆ ಹಾಸಿ, ಚಿಪ್ಪಿನ ಹಿಂದಿನ ಅಂಚು ಹಿಡಿದು ಹಿಮ್ಮುಖವಾಗಿ ಮ್ಯಾಟಿನ ಮೇಲೆ ಎಳೆದುಕೊಳ್ಳಿ, ನಂತರ ಮ್ಯಾಟನ್ನೇ ಎಳೆದು ದಾಟಿಸಿ. ಎಳೆಯುವ ಭರದಲ್ಲಿ ಅದು ಬಂದ ಕಡೆಗೇ ಮುಖ ಮಾಡಿ ಬಿಟ್ಟರೆ ಮತ್ತೆ ರಸ್ತೆಗಿಳಿಯುತ್ತದೆ. ಆಚೆ ತಲುಪಿದ ಮೇಲೆ ಮ್ಯಾಟನ್ನು ತಿರುಗಿಸಿ, ಮುಖ ಮುಂದಕ್ಕಿರಲಿ. ಹಿಮ ಎತ್ತುವ ಅಗಲ ಸಲಿಕೆಯೂ ನಡೆಯುತ್ತದೆ, ನೆಲದಿಂದ ಮೇಲೆತ್ತದೆ ಜಾರಿಸಿ.

ಕೋಲು ಕಚ್ಚಿಸಿ ಎಳೆಯುವುದು ಬೇಡ, ಕೊಕ್ಕು ಒಡೆಯುತ್ತದೆ. ಬಾಲ ಹಿಡಿದು ಎತ್ತುವುದಂತೂ ಬೇಡವೇ ಬೇಡ. 10 ಕಿಲೊ ತೂಕವೆಲ್ಲ ಬಾಲದ ಬುಡದ ಮೂಳೆಗಳ ಮೇಲೆ ಜೋತುಬಿದ್ದರೆ ಬೆನ್ನೆಲುಬು ಕಳಚುತ್ತದೆ.

ತುಂಗಾದಂಡೆ

ಕೈಗವಸು ಹಾಕಿದರೆ ಧೈರ್ಯವಾಗಿ ಹಿಡಿಯಬಹುದೇ? ಬೆರಳು ತುಂಡಾಗುತ್ತದೆ ಅನ್ನುವುದು ನಿಜವೇ?

ಹೊಳೆಸಾಲು

ಕೈಗವಸು ಉಗುರಿನ ಗೀರಿಗೆ ತಡೆ, ಕಚ್ಚುವುದಕ್ಕಲ್ಲ. ಹಿಂಗಾಲಿನ ಉಗುರು ನಿಮ್ಮ ಕೈಯನ್ನು ತಳ್ಳುತ್ತದೆ, ಗಾಬರಿಯಾಗಿ ಬೀಳಿಸಿದರೆ ಚಿಪ್ಪು ಬಿರುಕು ಬಿಡುತ್ತದೆ. ಅದಕ್ಕೆ ಯಾವಾಗಲೂ ನೆಲಕ್ಕೆ ಹತ್ತಿರವೇ ಇರಿಸಿಕೊಳ್ಳಿ.

ಕಚ್ಚಿನ ಬಲವನ್ನು ಅಳೆದಿದ್ದಾರೆ, ಸುಮಾರು 200 ನ್ಯೂಟನ್ ಆಸುಪಾಸು. ನಮ್ಮ ದವಡೆ ಹಲ್ಲಿನ ಬಲ ಅದಕ್ಕಿಂತ ಹೆಚ್ಚೇ. ಪೊರಕೆ ಕೋಲು ತುಂಡರಿಸುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆದರೆ ಕೊಕ್ಕಿನ ಅಂಚು ಹರಿತ, ಆಳವಾಗಿ ಕತ್ತರಿಸುತ್ತದೆ. ಕಚ್ಚಿ ಹಿಡಿದುಕೊಂಡರೆ ಕೈ ಎಳೆದುಕೊಳ್ಳಬೇಡಿ, ಎಳೆದರೆ ಗಾಯ ಹರಿಯುತ್ತದೆ. ಆಮೆಯ ನಾಲ್ಕೂ ಕಾಲು ನೆಲಕ್ಕೆ ತಾಗುವಂತೆ ಇಟ್ಟು ಅಲುಗಾಡದೆ ನಿಲ್ಲಿ, ಹತ್ತಿರ ನೀರಿದ್ದರೆ ನೀರಿಗಿಳಿಸಿ. ಓಡಲು ದಾರಿ ಕಂಡರೆ ಬಿಡುತ್ತದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಕಚ್ಚದಿದ್ದರೂ ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು, ಸಾಲ್ಮೊನೆಲ್ಲಾ ಇರುತ್ತದೆ. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಿಂದ ನಿಷೇಧಿಸಿರುವುದೂ ಇದೇ ಕಾರಣಕ್ಕೆ.

ಕೊಡಗು_ಕಿಚನರ್

ಮಕ್ಕಳು ಈಜುವ ಕೆರೆಯಲ್ಲಿ ದೊಡ್ಡದೊಂದು ಕಾಣಿಸಿಕೊಂಡರೆ ಏನು ಮಾಡಬೇಕು?

ಮಲೆನಾಡಿಗ_ಒಂಟಾರಿಯೊ

ಏನೂ ಮಾಡಬೇಕಾಗಿಲ್ಲ. ನೀರಿನಲ್ಲಿ ಅದಕ್ಕೆ ಓಡಲು ಜಾಗವಿದೆ, ಮನುಷ್ಯರ ಸದ್ದಿಗೆ ದೂರ ಸರಿಯುತ್ತದೆ. ತೊಂದರೆ ಬರುವುದು ಡಾಕ್ ಮೇಲೆ ಕೂತು ಬ್ರೆಡ್ಡು, ಮೀನಿನ ಕರುಳು ಹಾಕುವುದರಿಂದ. ಕೈಯಿಂದ ಊಟ ಬರುತ್ತದೆ ಎಂದು ಕಲಿತ ಆಮೆ ನೀರಿಗಿಳಿದ ಕೈಕಾಲಿನ ಹತ್ತಿರ ಬರುತ್ತದೆ. ಮೀನನ್ನು ದಾರಕ್ಕೆ ಪೋಣಿಸಿ ದೋಣಿ ಪಕ್ಕ ನೀರಲ್ಲಿ ಇಳಿಬಿಡುವುದೂ ಬೇಡ, ಐಸ್ ಪೆಟ್ಟಿಗೆಯಲ್ಲಿಡಿ.

ಗಾಳ_ಮತ್ತು_ದೋಣಿ

ಗಾಳಕ್ಕೆ ಬಿದ್ದರೆ: ರಾಡ್ ಬಗ್ಗಿಸಿ ಗಾಳಿಯಲ್ಲಿ ಎತ್ತಬೇಡಿ, ದಂಡೆಯ ಸಮತಟ್ಟು ಜಾಗಕ್ಕೆ ನಿಧಾನವಾಗಿ ಎಳೆದು ತನ್ನಿ. ಕೊಕ್ಕೆ ತುಟಿಯ ಅಂಚಿನಲ್ಲಿ ಕಾಣುತ್ತಿದ್ದರೆ ಒಬ್ಬರು ಹಿಂದಿನ ಅಂಚನ್ನು ನೆಲಕ್ಕೊತ್ತಿ ಹಿಡಿಯಲಿ, ಇನ್ನೊಬ್ಬರು ಕನಿಷ್ಠ ಒಂದಡಿ ಉದ್ದದ ಇಕ್ಕಳದಿಂದ ಮುಳ್ಳನ್ನು ಕತ್ತರಿಸಿ ಹಿಂದಕ್ಕೆ ತೆಗೆಯಲಿ. ಮುಳ್ಳಿಲ್ಲದ ಕೊಕ್ಕೆ ಬಳಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನುಂಗಿದ್ದರೆ ಎಳೆಯಬೇಡಿ. ದಾರವನ್ನು ಬುಡದಲ್ಲಿ ಕತ್ತರಿಸುವುದೂ ತಪ್ಪು. ಒಂದಡಿಯಷ್ಟು ಹೊರಗೆ ಬಿಟ್ಟು ಕತ್ತರಿಸಿ, ಆಮೆಯನ್ನು ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಮುಟ್ಟಿಸಿ. ಆ ದಾರ ಹಿಡಿದೇ ವೈದ್ಯರು ಕೊಕ್ಕೆ ಹುಡುಕುವುದು.

ಕೊಡಗು_ಕಿಚನರ್

ಹಿತ್ತಲಿನ ಹೂವಿನ ಪಾತಿಯಲ್ಲಿ ಮೊಟ್ಟೆ ಇಟ್ಟಿದ್ದರೆ? ಮೊಟ್ಟೆಗಳನ್ನು ತೆಗೆದು ಬೇರೆಡೆ ಹೂಳಬಹುದೇ?

ಹೊಳೆಸಾಲು

ತೆಗೆಯಬೇಡಿ ಮೇಡಂ. ಇಟ್ಟ ಒಂದು ದಿನದೊಳಗೆ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಸಾಯುತ್ತದೆ. ಅನುಮತಿಯಿಲ್ಲದೆ ಸ್ಥಳಾಂತರಿಸುವಂತೆಯೂ ಇಲ್ಲ.

ಹೆಣ್ಣು ತೋಡುತ್ತಿರುವಾಗ ದೂರ ನಿಲ್ಲಿ, ನಾಯಿಯನ್ನು ಒಳಗೆ ಕಟ್ಟಿ. ಗಾಬರಿಯಾದರೆ ಅರ್ಧಕ್ಕೆ ಬಿಟ್ಟು ಹೋಗುತ್ತದೆ. ಹಿಂಗಾಲಿನಿಂದಲೇ ತೋಡುತ್ತದೆ, ಒಂದೆರಡು ಗಂಟೆ ಹಿಡಿಯಬಹುದು. ಮೊಟ್ಟೆ ಪಿಂಗ್‌ಪಾಂಗ್ ಚೆಂಡಿನಷ್ಟೇ ದುಂಡಗೆ, ಬೆಳ್ಳಗೆ ಇರುತ್ತದೆ. ಒಂದೊಂದನ್ನೂ ಹಿಂಗಾಲಿನ ಪಾದದಿಂದ ಒಳಗೆ ಸರಿಸಿ, ಕೊನೆಗೆ ಮಣ್ಣೆಳೆದು ಹೊಟ್ಟೆಯಿಂದ ಒತ್ತಿ ಹೋಗುತ್ತದೆ. ಮತ್ತೆ ನೋಡಲು ಬರುವುದಿಲ್ಲ.

ರಕೂನ್ ಅಗೆಯುವುದು ಹೆಚ್ಚಾಗಿ ಮೊದಲೆರಡು ರಾತ್ರಿಗಳಲ್ಲೇ, ಹಾಗಾಗಿ ಅದೇ ಸಂಜೆ ಮುಚ್ಚಿಗೆ ಇಡಬೇಕು. 60 ಸೆಂ.ಮೀ. ಚೌಕದ, ರಾಸಾಯನಿಕ ಹಚ್ಚದ ಮರದ ಚೌಕಟ್ಟು. ಮೇಲೆ ಅರ್ಧ ಇಂಚು ಕಣ್ಣಿನ ತಂತಿ ಜಾಲರಿ. ನಾಲ್ಕೂ ಬದಿಯ ಕೆಳ ಅಂಚಿನಲ್ಲಿ 5 ಸೆಂ.ಮೀ. ಎತ್ತರ, 10 ಸೆಂ.ಮೀ. ಅಗಲದ ಕಿಂಡಿ, ಮರಿ ಹೊರಬರಲು. ಗೂಡು ನಟ್ಟನಡುವೆ ಬರುವಂತೆ ಇಟ್ಟು, ಮೂಲೆಗಳಿಗೆ ಕಲ್ಲು ಹೇರಿ ಅಥವಾ ಉದ್ದ ಮೊಳೆ ಹೊಡೆಯಿರಿ.

ಜಾಲರಿ ಬದಲು ಪ್ಲೈವುಡ್ ಮುಚ್ಚಬೇಡಿ. ಈ ಆಮೆಯಲ್ಲಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಗೂಡಿನ ಶಾಖ: ತೀರಾ ತಂಪು ಮತ್ತು ಹೆಚ್ಚು ಬಿಸಿ ಎರಡರಲ್ಲೂ ಹೆಣ್ಣು, ನಡುವಿನ ಉಷ್ಣತೆಯಲ್ಲಿ ಗಂಡು. ನೆರಳು ಬಿದ್ದರೆ ಅನುಪಾತ ಬದಲಾಗುತ್ತದೆ, ಉತ್ತರದಲ್ಲಿ ಮರಿಯಾಗುವುದೇ ತಡವಾಗಿ ಚಳಿಗೆ ಸಿಕ್ಕಿ ಸಾಯಬಹುದು. ಪಾತಿಗೆ ನೀರು ಸುರಿಯುವುದನ್ನೂ ಅಲ್ಲಿಗೆ ನಿಲ್ಲಿಸಿ.

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಮರಿಗಳು ಬರುತ್ತವೆ, ಸುಮಾರು 3 ಸೆಂ.ಮೀ. ಉದ್ದ. ಹುಲ್ಲು ಕತ್ತರಿಸುವ ಮುನ್ನ ನೋಡಿಕೊಳ್ಳಿ. ದಾರಿ ತಪ್ಪಿದ್ದು ಕಂಡರೆ ಹತ್ತಿರದ ನೀರಿನ ಅಂಚಿನಲ್ಲಿ, ಜೊಂಡು ಇರುವ ಆಳವಿಲ್ಲದ ಜಾಗದಲ್ಲಿ ಬಿಡಿ, ನಡುನೀರಿಗೆ ಎಸೆಯಬೇಡಿ.

ಬಯಲುಸೀಮೆ_ಬಫೆಲೊ

ತಿನ್ನುವವರಿಗೆ. ಬಹುಕಾಲ ಬದುಕುವ ಪ್ರಾಣಿಯಾದ್ದರಿಂದ ಕೆರೆಯ ತಳದ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದಂಥ ವಿಷಗಳು ಇದರ ಕೊಬ್ಬಿನಲ್ಲಿ ಸೇರುತ್ತಾ ಹೋಗುತ್ತವೆ. ನ್ಯೂಯಾರ್ಕ್ ಆರೋಗ್ಯ ಇಲಾಖೆಯ ಸಲಹೆ: ಮಗು ಹೆರುವ ವಯಸ್ಸಿನ ಹೆಂಗಸರು ಮತ್ತು 15ರೊಳಗಿನ ಮಕ್ಕಳು ತಿನ್ನಬಾರದು, ಸೂಪೂ ಬೇಡ. ಉಳಿದವರು ಕೊಬ್ಬು, ಯಕೃತ್ತು, ಮೊಟ್ಟೆ ಎಲ್ಲ ತೆಗೆದು ಎಸೆಯಬೇಕು. ಹಳದಿ ಕೊಬ್ಬು ಕಾಲಿನ ಬುಡದಲ್ಲಿ ಗಂಟು ಗಂಟಾಗಿರುತ್ತದೆ, ಬೇಯಿಸುವ ಮೊದಲೇ ಬಿಡಿಸಬೇಕು. ಕುದಿಸಿದರೆ ವಿಷ ಹೋಗುವುದಿಲ್ಲ, ಕರಗಿ ಸಾರಿಗೆ ಸೇರುತ್ತದೆ. ತಲೆ ಕಡಿದ ಮೇಲೂ ಗಂಟೆಗಟ್ಟಲೆ ದವಡೆ ಕಚ್ಚುತ್ತದೆ, ತಲೆಯನ್ನು ಮೊದಲು ಮುಚ್ಚಳವಿರುವ ಡಬ್ಬಿಗೆ ಹಾಕಿ.

ನೇತ್ರಾವತಿ_ಮಂಗಳೂರು

ಊರಿನಿಂದ ಒಂದು ಪ್ರಶ್ನೆ. ಅಕ್ವೇರಿಯಂ ಅಂಗಡಿಗಳಲ್ಲಿ ಈ ಮರಿಗಳನ್ನು ತಂದು ಸಾಕಬಹುದೇ ಎಂದು ಕೇಳುವವರಿದ್ದಾರೆ. ಕಾನೂನು ಏನು?

ಹೊಳೆಸಾಲು

ಭಾರತದಲ್ಲಿ ಇದು ಹೊರಗಿನ ಪ್ರಾಣಿ, ಸೈಟಿಸ್ ಪಟ್ಟಿಯದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಂಥ ಪ್ರಾಣಿ ಇಟ್ಟುಕೊಂಡವರು ನೋಂದಾಯಿಸಬೇಕು. 2024ರ ನಿಯಮಗಳ ಪ್ರಕಾರ ಅದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ. ಕಾಗದಪತ್ರ ತೋರಿಸದ ಅಂಗಡಿಯಿಂದ ಕೊಳ್ಳಬೇಡಿ. 3 ಸೆಂ.ಮೀ. ಮರಿ ಮುಂದೆ ಹತ್ತಾರು ಕಿಲೊ ಆಗುತ್ತದೆ, ಆಗ ಜನ ತಂದು ಕೆರೆಗೆ ಬಿಡುತ್ತಾರೆ. ಜಪಾನಿನ ಚಿಬಾ ಪ್ರಾಂತ್ಯದಲ್ಲಿ ಹೀಗೆ ಬಿಟ್ಟವು ಕಾಡಿನಲ್ಲಿ ಮರಿ ಮಾಡಿ ನೆಲೆಯೂರಿವೆ, 2005ರಿಂದ ಅಲ್ಲಿ ಸಾಕುವುದಕ್ಕೇ ನಿರ್ಬಂಧ.

ನಮ್ಮ ಕೆರೆ ಗದ್ದೆಯ ಫ್ಲ್ಯಾಪ್‌ಶೆಲ್ ಆಮೆ ಅದೇ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಅದಕ್ಕೆ ಸೀಸನ್, ಅಳತೆ, ಲೈಸೆನ್ಸ್ ಯಾವುದೂ ಇಲ್ಲ. ಹಿಡಿದರೆ ಕನಿಷ್ಠ 3 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಕೊಡಗು_ಕಿಚನರ್

ಕೊನೆಯದೊಂದು. ಕಾರಿಗೆ ಸಿಕ್ಕಿ ಚಿಪ್ಪು ಒಡೆದ ಆಮೆ ಕಂಡರೆ?

ಮಲೆನಾಡಿಗ_ಒಂಟಾರಿಯೊ

ಸತ್ತಿದೆ ಎಂದು ತಕ್ಷಣ ತೀರ್ಮಾನಿಸಬೇಡಿ, ಬಹಳ ಹೊತ್ತು ಅಲುಗಾಡದೆ ಇರಬಲ್ಲದು. ಗಾಳಿ ತೂತಿರುವ, ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಒಣ ಟವೆಲ್ ಹಾಸಿ ಇಡಿ. ನೀರು ಹಾಕಬೇಡಿ, ನಿತ್ರಾಣವಾದ ಆಮೆ ಒಂದು ಇಂಚು ನೀರಲ್ಲೂ ಮುಳುಗುತ್ತದೆ. ಆಹಾರ ಬೇಡ, ಒಡೆದ ಚಿಪ್ಪಿಗೆ ಅಂಟು ಹಚ್ಚುವುದು ಬೇಡ. ಸಿಕ್ಕ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ, ಗುಣವಾದ ಮೇಲೆ ಅಲ್ಲಿಗೇ ಬಿಡಬೇಕು.

ಒಂಟಾರಿಯೊದಲ್ಲಿ ಪೀಟರ್‌ಬರೊ ಹತ್ತಿರ ಸೆಲ್ವಿನ್‌ನಲ್ಲಿ ಒಂಟಾರಿಯೊ ಟರ್ಟಲ್ ಕನ್ಸರ್ವೇಶನ್ ಸೆಂಟರ್ ಇದೆ, ಆಮೆಗಳಿಗೆಂದೇ ಇರುವ ಆಸ್ಪತ್ರೆ. ಹೊರಡುವ ಮುನ್ನ ಫೋನ್ ಮಾಡಿ, ದೂರದವರಾದರೆ ಹತ್ತಿರದ ಕೇಂದ್ರ ಯಾವುದು ಎಂದು ಅವರೇ ಹೇಳುತ್ತಾರೆ. ಜೂನ್‌ನಲ್ಲಿ ಸಿಕ್ಕಿದ್ದು ಹೆಣ್ಣಾಗಿದ್ದರೆ, ಅದು ಸತ್ತಿದ್ದರೂ ಕರೆ ಮಾಡಿ. ಒಳಗಿನ ಮೊಟ್ಟೆ ತೆಗೆದು ಮರಿ ಮಾಡಿಸುವುದು ಎಷ್ಟೋ ಸಲ ಸಾಧ್ಯವಾಗುತ್ತದೆ. ತಡ ಮಾಡದೆ, ಬಿಸಿಲಿಗೆ ಬಿಡದೆ ಒಯ್ಯಿರಿ.